ಅತ್ತೆಯ ಕಣ್ಣು, ಅಳಿಯನ ಟೀವಿ

ಕೈಲಾಂಚ ಹೋಬಳಿಯಲ್ಲಿ ಹಾಲಿನ ಡೈರಿ ಇರುವ ಊರುಗಳು ಬೇಕಾದಷ್ಟಿವೆ, ಡೈರಿಗೊಬ್ಬ ಟೆಸ್ಟರೂ ಇದ್ದಾನೆ. ಆದರೆ ಡೈರಿಗೆ ಬೀಗ ಹಾಕಿ ಮನೆಗೆ ಬಂದ ಮೇಲೂ ಟೆಸ್ಟರಾಗಿಯೇ ಉಳಿಯುತ್ತಿದ್ದವನು ಜಯಕುಮಾರ್ ಒಬ್ಬನೇ. ಮದುವೆ ಊಟದಲ್ಲಿ ಮಜ್ಜಿಗೆ ಬಂದರೆ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಆಮೇಲೆ ಕುಡಿಯುವನು. ಚಪ್ಪಲಿ ಕೊಳ್ಳಲು ರಾಮನಗರಕ್ಕೆ ಹೋದರೆ ಚಪ್ಪಲಿಯನ್ನು ಮೂಸಿ ನೋಡುವನು. ಯಾಕೆ ಸ್ವಾಮಿ ಎಂದು ಅಂಗಡಿಯವನು ಕೇಳಿದರೆ, ಕ್ವಾಲಿಟಿ ಅನ್ನುವುದು ಮೊದಲು ಗೊತ್ತಾಗುವುದೇ ಮೂಗಿಗೆ ಎನ್ನುವನು. ಇಪ್ಪತ್ತೆರಡು ವರ್ಷ ದಿನಾ ಬೆಳಗ್ಗೆ ಆರು ಗಂಟೆಗೆ ಊರಿನ ಹಾಲನ್ನೆಲ್ಲ ಅಳೆದು, ಎದುರಿಗೆ ನಿಂತವನ ಮುಖ ನೋಡದೆ "ಫ್ಯಾಟ್ ಕಮ್ಮಿ" ಎಂದು ಹೇಳುವ ಅಧಿಕಾರ ಸಿಕ್ಕಿದರೆ ಯಾರಿಗಾದರೂ ಹೀಗೆಯೇ ಆಗುತ್ತಿತ್ತೋ ಏನೋ. ಊರಿನವರು ಸಹಿಸಿಕೊಂಡಿದ್ದರು. ಇನ್ನೊಂದು ಡೈರಿ ನಾಲ್ಕು ಮೈಲಿ ದೂರದಲ್ಲಿತ್ತು.

ಇಂಥ ಜಯಕುಮಾರ್ ಆ ವರ್ಷ ಗೌರಿ ಹಬ್ಬದ ಆಫರಿನಲ್ಲಿ ಟೀವಿ ಕೊಂಡ.

ಕೊಂಡ ಎಂದರೆ ಸುಮ್ಮನೆ ಕೊಂಡದ್ದಲ್ಲ. ಮೂರು ತಿಂಗಳು ಅಭ್ಯಾಸ ಮಾಡಿದ್ದ. ರಾಮನಗರದ ಶೋರೂಮುಗಳಲ್ಲಿ ಭಾರಿ ಬೆಲೆಯ ಟೀವಿಗಳ ಮುಂದೆ ಕೈಕಟ್ಟಿ ನಿಂತು, ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ, ಒಮ್ಮೆ ಕೂತು ನೋಡಿದ. ಹಿಂಬದಿಯ ತೂತುಗಳಿಗೆ ಮೂಗಿಟ್ಟು ನೋಡಿದ. ಅಂಗಡಿಯ ಹುಡುಗಿಯರು ಇವನು ಕಂಪನಿಯಿಂದ ಬಂದ ಇನ್ಸ್‌ಪೆಕ್ಟರ್ ಇರಬೇಕೆಂದು ಎರಡು ಸಲ ಕಾಫಿ ಕೊಟ್ಟರು. ಇಷ್ಟೆಲ್ಲ ಆದ ಮೇಲೆ ಮನೆಗೆ ಬಂದು, ಬಿ.ಕಾಂ. ಓದುತ್ತಿದ್ದ ಮಗಳು ಧನುಶ್ರೀಯ ಮೊಬೈಲಿನಲ್ಲಿ, ಇದ್ದುದರಲ್ಲೆಲ್ಲ ಅಗ್ಗದ ನಲವತ್ತಮೂರು ಇಂಚಿನ ಟೀವಿಯೊಂದನ್ನು ಆರ್ಡರ್ ಮಾಡಿಸಿದ. ಆ ಕಂಪನಿಯ ಹೆಸರನ್ನು ಮನೆಯಲ್ಲಿ ಯಾರಿಗೂ ಎರಡು ಸಲ ಒಂದೇ ಥರ ಉಚ್ಚರಿಸಲು ಬರಲಿಲ್ಲ. ದೊಡ್ಡ ಕಂಪನಿಯವರು ಹೆಸರು ಮಾರುತ್ತಾರೆ, ಇವರು ಟೀವಿ ಮಾರುತ್ತಾರೆ, ಹಸುವಿನಿಂದ ಸೀದಾ ಕರೆದ ಹಾಲಿಗೆ ಪ್ಯಾಕೆಟ್ ಯಾಕೆ ಎಂದು ಜಯಕುಮಾರ್ ವಿವರಿಸಿದ. ಹೆಂಡತಿ ಪುಟ್ಟಿ ಅಕ್ಕಿಯ ಮೊರ ಎತ್ತಿಕೊಂಡಳು. ರೇಷನ್ ಕಾರ್ಡಿನಲ್ಲಿ ಅವಳಿಗೆ ಬೇರೆ ಹೆಸರಿತ್ತು, ಆದರೆ ಊರಿಗೆಲ್ಲ ಅವಳು ಪುಟ್ಟಿ. ಗಂಡನ ವಿವರಣೆ ಶುರುವಾದರೆ ಅಕ್ಕಿ ಆರಿಸಲು ಕೂರುವುದು ಅವಳ ಪದ್ಧತಿ.

ಟೀವಿ ಗುರುವಾರ ಬಂತು. ಗೋಡೆಗೆ ಏರಿದ ಮೇಲೆ ನಿಜಕ್ಕೂ ಚೆನ್ನಾಗಿಯೇ ಕಂಡಿತು. ಹಳೆಯ ಟೀವಿಯಲ್ಲಿ ಎಲ್ಲರ ಮುಖವೂ ಕುಂಕುಮ ಮೆತ್ತಿದ ಹಾಗೆ ಕೆಂಪಗಿರುತ್ತಿತ್ತು. ಇದರಲ್ಲಿ ಮನುಷ್ಯರು ಮನುಷ್ಯರ ಬಣ್ಣಕ್ಕೇ ಇದ್ದರು. ಜಯಕುಮಾರ್ ಖಾಲಿ ಪೆಟ್ಟಿಗೆಯನ್ನು ಒಳಗಿಡಲಿಲ್ಲ. ಅದರ ಮೇಲಿನ ಬಣ್ಣದ ಚಿತ್ರ ಬೀದಿಗೆ ಕಾಣುವಂತೆ ಜಗಲಿಯ ಮೇಲೆ ಮಲಗಿಸಿಟ್ಟ. ಡೈರಿಗೆ ಹೋಗುವವರು ಬರುವವರು ನೋಡಲಿ ಎಂದು ಅವನೇನೂ ಬಾಯಿಬಿಟ್ಟು ಹೇಳಲಿಲ್ಲ. ಶನಿವಾರ ಬೆಳಗ್ಗೆ ನೋಡಿದರೆ ಪುಟ್ಟಿಯ ಹೇಂಟೆ ಆ ಪೆಟ್ಟಿಗೆಯೊಳಗೆ, ಥರ್ಮೋಕೋಲಿನ ನಡುವೆ, ಪುಟ್ಟಿ ಕೂಡಿಸಿ ಇಟ್ಟ ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕೂತಿತ್ತು. ಎಬ್ಬಿಸು ಎಂದ ಜಯಕುಮಾರ್. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಿದವರು ಉದ್ಧಾರ ಆಗುವುದಿಲ್ಲ, ಇಪ್ಪತ್ತೊಂದು ದಿನ ಆ ಕಡೆ ತಲೆ ಹಾಕಬೇಡ ಎಂದಳು ಪುಟ್ಟಿ.

ಅದೇ ಶನಿವಾರ ಸಂಜೆ ಅತ್ತೆ ಆ ಮಾತು ಆಡಿದಳು.

ಅತ್ತೆ ಶಿವಲಿಂಗಮ್ಮ ಕೋಡಿಹಳ್ಳಿ ಕಡೆಯವಳು. ಗಂಡ ತೀರಿದ ಮೇಲೆ ಒಬ್ಬಳೇ ಮಗಳ ಮನೆಗೆ ಬಂದು ಆರು ವರ್ಷವಾಗಿತ್ತು. ಅಳಿಯನ ಮನೆಯ ಅನ್ನ ತಿನ್ನುತ್ತೇನೆ ಎಂಬ ಮುಜುಗರ ಅವಳನ್ನು ಎಂದೂ ಬಾಧಿಸಿರಲಿಲ್ಲ, ಯಾಕೆಂದರೆ ಅವಳಿಗೆ ಅವಳದೇ ಕೆಲಸವಿತ್ತು. ಊರಿನಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುವವರ ಮನೆಯಲ್ಲಿ ಬೆಳೆ ಎದ್ದ ದಿನ, ಗೂಡು ಬಿಡಿಸಿ ರಾಶಿ ಹಾಕಿದ ಮೇಲೆ, ಆರಿಸಲು ಶಿವಲಿಂಗಮ್ಮನೇ ಬರಬೇಕು. ಕಲೆ ಬಿದ್ದ ಗೂಡು, ಜಾಳು ಗೂಡು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು, ಎಲ್ಲವನ್ನೂ ಅವಳು ಕೈಯಾಡಿಸುತ್ತಲೇ ಎತ್ತಿ ಪಕ್ಕಕ್ಕೆ ಎಸೆಯುವಳು. ನಾಲ್ಕು ಹೆಂಗಸರು ಮಧ್ಯಾಹ್ನದವರೆಗೆ ಮಾಡುವ ಕೆಲಸ ಅವಳಿಗೆ ಕಾಫಿ ಆರುವುದರೊಳಗೆ ಮುಗಿಯುತ್ತಿತ್ತು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವರು ಬುಟ್ಟಿಯಲ್ಲಿ ಕೈಯಾಡಿಸಿ, ಇದು ಯಾರು ಆರಿಸಿದ್ದು ಎಂದು ಕೇಳಿದ್ದುಂಟು. ಊರಿನ ದೊಡ್ಡ ಬೆಳೆಗಾರ ಬೋರಲಿಂಗಯ್ಯ ಅವಳಿಗೆ ಮಣೆ ಹಾಕಿ ಕೂರಿಸುತ್ತಿದ್ದ. ತನ್ನ ಸ್ವಂತ ಅತ್ತಿಗೆಗೂ ಅವನು ಮಣೆ ಹಾಕಿದವನಲ್ಲ.

ಆ ಸಂಜೆ ಟೀವಿಯಲ್ಲಿ ಬಿಳಿ ಪಂಚೆಯ ಪುರೋಹಿತರೊಬ್ಬರು ರಾಶಿಫಲ ಹೇಳುತ್ತಿದ್ದರು. ಶಿವಲಿಂಗಮ್ಮ ಕೂತಲ್ಲಿಂದಲೇ ಕೈ ತೋರಿಸಿ, "ಅಳಿಮಯ್ಯ, ಎಡಗಡೆ ಮೂಲೇಲಿ ಒಸಿ ಮಬ್ಬೈತೆ. ಕಲೆ ಗೂಡು ಇದ್ದಂಗೆ," ಎಂದಳು.

ಜಯಕುಮಾರ್ ಎದ್ದು ಹೋಗಿ ಮೂಲೆಯನ್ನು ನೋಡಿದ. ಅವನಿಗೆ ಏನೂ ಕಾಣಲಿಲ್ಲ. ಪುಟ್ಟಿಯನ್ನು ಕರೆದ, ಅವಳಿಗೂ ಕಾಣಲಿಲ್ಲ. ಧನುಶ್ರೀ ಮೊಬೈಲಿನಿಂದ ತಲೆ ಎತ್ತಿ ನೋಡಿ, ಗೊತ್ತಾಗುತ್ತಿಲ್ಲ ಅಜ್ಜಿ ಎಂದಳು. ಆಮೇಲೆ, ಬೇಕಿದ್ದರೆ ಹತ್ತು ದಿನದೊಳಗೆ ವಾಪಸ್ ಕೊಡಬಹುದು, ಆದರೆ ಬಂದ ಪೆಟ್ಟಿಗೆಯಲ್ಲೇ ಕೊಡಬೇಕು ಎಂದು ಓದಿ ಹೇಳಿದಳು. ಎಲ್ಲರೂ ಒಂದು ಗಳಿಗೆ ಜಗಲಿಯ ಕಡೆ ನೋಡಿದರು. ಹೇಂಟೆಯೂ ನೋಡಿತು.

"ಅತ್ತೆ, ಟೀವಿ ನೆಟ್ಟಗೈತೆ. ನಿಮ್ ಕಣ್ಣಿಗೇ ಪೊರೆ ಬಂದೈತೆ," ಎಂದ ಜಯಕುಮಾರ್.

ಇಲ್ಲಿಗೆ ಅದು ಮುಗಿಯಬಹುದಿತ್ತು. ಅತ್ತೆ ಎಲೆಯಡಿಕೆ ಹಾಕಿಕೊಂಡಳು. ಆದರೆ ಮರುದಿನ ಬೆಳಗ್ಗೆ ಡೈರಿಯಲ್ಲಿ ಪಕ್ಕದ ಮನೆಯ ನಟರಾಜು ಹಾಲಿನ ಕ್ಯಾನು ಇಳಿಸುತ್ತ, ಹೊಸ ಟೀವಿ ಹೇಗಿದೆಯಪ್ಪ ಟೆಸ್ಟರೇ, ಮೂಲೆಯಲ್ಲಿ ಏನೋ ಮಬ್ಬಂತೆ, ನಿಮ್ಮತ್ತೆ ನಮ್ಮ ಹೆಂಡತಿ ಹತ್ತಿರ ಹೇಳುತ್ತಿದ್ದರಂತೆ ಎಂದ. ಹಿಂದಿನ ವಾರವಷ್ಟೇ ನಟರಾಜುವಿನ ಹಾಲಿಗೆ ಮೂರು ದಿನ ಸತತವಾಗಿ ಫ್ಯಾಟ್ ಕಮ್ಮಿ ಬಂದಿತ್ತು. ಸಾಲಿನಲ್ಲಿ ಹದಿನೈದು ಜನ ನಿಂತಿದ್ದರು. ಹದಿನೈದು ಜನರೂ ಕ್ಯಾನು ನೆಲಕ್ಕಿಟ್ಟು ಉತ್ತರಕ್ಕೆ ಕಾದರು.

ಟೆಸ್ಟರ್ ಕೊಂಡ ಮಾಲಿನಲ್ಲಿ ಕಲೆ ಎಂದರೆ ಇಪ್ಪತ್ತೆರಡು ವರ್ಷದ ರೀಡಿಂಗೆಲ್ಲ ಸುಳ್ಳಾದ ಹಾಗೆ. ಜಯಕುಮಾರ್ ಅತ್ತೆಗೆ ಕಣ್ಣು ಹೋಗಿರುವುದನ್ನು ಸಭೆಗೆ ತಿಳಿಸಿದ. ಪಾಪ, ವಯಸ್ಸಾಯಿತು, ಇತ್ತೀಚೆಗೆ ಏನೂ ಸರಿಯಾಗಿ ಕಾಣುವುದಿಲ್ಲ, ನಾವು ಮನೆಯ ಮಾತು ಎಂದು ಹೊರಗೆ ಹೇಳಿರಲಿಲ್ಲ ಎಂದ. ಜನ ಪಾಪ ಎಂದರು. ಅವರು ಇನ್ನೂ ಸ್ವಲ್ಪ ನಿರೀಕ್ಷಿಸುತ್ತಿರುವ ಹಾಗೆ ಕಂಡಿತು. ಮೊನ್ನೆ ಕಾಫಿಗೆ ಸಕ್ಕರೆ ಎಂದು ಉಪ್ಪು ಹಾಕಿದರು ಎಂದ. ಅದು ನಡೆದಿದ್ದು ನಿಜ, ಆದರೆ ಹಾಕಿದ್ದು ಅವನೇ.

ಹಳ್ಳಿಯಲ್ಲಿ ಒಂದು ಮಾತು ಹೆಚ್ಚಲು ಹಾಲಿಗೆ ಬೆರೆಸಿದಂತೆ ನೀರು ಬೆರೆಸಬೇಕಾಗಿಲ್ಲ, ತಾನಾಗಿಯೇ ಹೆಚ್ಚುತ್ತದೆ. ಮಧ್ಯಾಹ್ನದ ಹೊತ್ತಿಗೆ ಶಿವಲಿಂಗಮ್ಮ ಲೈಟು ಕಂಬವನ್ನು ಚೆನ್ನಾಗಿದ್ದೀಯೇನಪ್ಪ ಎಂದು ಮಾತಾಡಿಸಿದ್ದಳು. ಸಂಜೆಯ ಹೊತ್ತಿಗೆ ಕರುವಿಗೆ ಹಾಕಬೇಕಾದ ಬೂಸಾವನ್ನು ಅಳಿಯನಿಗೆ ಬಡಿಸಿದ್ದಳು. ಅಳಿಯ ಮರ್ಯಾದೆಗೆ ಅಂಜಿ ಎರಡು ತುತ್ತು ತಿಂದಿದ್ದ ಎಂದು ಸೇರಿಸಿದವನು ನಟರಾಜು.

ಮಂಗಳವಾರ ಬೋರಲಿಂಗಯ್ಯನ ಮನೆಯಲ್ಲಿ ಬೆಳೆ ಎದ್ದಿತು. ಶಿವಲಿಂಗಮ್ಮ ಬೆಳಗ್ಗೆಯೇ ತಲೆ ಬಾಚಿ, ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಯಲ್ಲಿ ಕೂತಳು. ಅವಳ ಎದುರಿಗೇ ನಾಲ್ಕು ಹೆಂಗಸರು ಆ ಮನೆಯ ಕಡೆ ಹೋದರು. ಒಬ್ಬಳು ನಿಂತು, ಬಿಸಿಲಲ್ಲಿ ಕೂರಬೇಡ ಅಜ್ಜಿ, ಒಳಗೆ ಹೋಗು, ಬಾಗಿಲು ಎಡಗಡೆಗಿದೆ ಎಂದು ಹೇಳಿ ಹೋದಳು. ಹನ್ನೆರಡು ಗಂಟೆಯವರೆಗೂ ಯಾರೂ ಕೂಗಲಿಲ್ಲ. ಬೋರಲಿಂಗಯ್ಯನ ಮಾಲು ಹೊತ್ತ ಗಾಡಿ ರಾಮನಗರದ ಕಡೆಗೆ ಹೋಗುವುದನ್ನು ನೋಡಿ, ಅವಳು ಹೇಂಟೆಗೆ ಒಂದು ಹಿಡಿ ರಾಗಿ ಹಾಕಿ ಒಳಗೆ ಬಂದಳು.

ಅಳಿಯ ಸುಳ್ಳಾಡುತ್ತಾನೆ ಎಂದು ಯೋಚಿಸುವ ಅಭ್ಯಾಸ ಅವಳಿಗಿರಲಿಲ್ಲ. ಎರಡು ದಿನ ಅವಳು ಕೈಯನ್ನು ಕಣ್ಣಿನ ಹತ್ತಿರ ಹಿಡಿಯುವುದು, ದೂರ ಹಿಡಿಯುವುದು ಮಾಡುತ್ತಿದ್ದುದನ್ನು ಪುಟ್ಟಿ ನೋಡಿದಳು. ಬುಧವಾರ ರಾತ್ರಿ ಊಟಕ್ಕೆ ಕೂತಾಗ ಅತ್ತೆಯೇ ಹೇಳಿದಳು:

"ಇಷ್ಟು ಜನ ಅಂತಾವ್ರೆ ಅಂದ್ಮೇಲೆ ಇದ್ರೂ ಇರಬೈದು. ನನ್ ಕಣ್ಣು ನನಗೆ ಹೆಂಗ್ ಕಾಣ್ತದೆ?"

ಗುರುವಾರ ಹೋಬಳಿಯಲ್ಲಿ ಉಚಿತ ಕಣ್ಣಿನ ತಪಾಸಣೆ ಇತ್ತು. ಜಯಕುಮಾರ್ ಅರ್ಧ ದಿನ ರಜೆ ಹಾಕಿ ಅತ್ತೆಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದ. ಕಾಳಜಿಯಿಂದ ಎಂದು ಅವನೂ ನಂಬಿದ್ದ. ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರು ಎರಡೂ ಕಣ್ಣಿಗೆ ಲೈಟು ಬಿಟ್ಟು ನೋಡಿ, ಅಜ್ಜಿಯ ಕಣ್ಣು ವಯಸ್ಸಿಗೆ ಬಹಳ ಚೆನ್ನಾಗಿದೆ, ಎಡಗಣ್ಣಿನಲ್ಲಿ ಮಾತ್ರ ಪೊರೆ ಸ್ವಲ್ಪ ಶುರುವಾಗಿದೆ, ಈಗ ಏನೂ ಬೇಡ, ಎರಡು ವರ್ಷ ಬಿಟ್ಟು ನೋಡೋಣ ಎಂದರು.

ಎಷ್ಟು ಪರ್ಸೆಂಟಿದೆ ಎಂದು ಜಯಕುಮಾರ್ ಕೇಳಿದ. ಹಾಗೆಲ್ಲ ಪರ್ಸೆಂಟ್ ಲೆಕ್ಕ ಇಲ್ಲ ಎಂದರು ಡಾಕ್ಟರು. ಮಿಷನ್ನಿನಲ್ಲಿ ಬರುವುದಿಲ್ಲವೇ ಎಂದು ಕೇಳಿದ. ಬರುವುದಿಲ್ಲ ಎಂದರು. ಎಡಗಣ್ಣು ಎಂದರೆ ಎಡಗಡೆ ಮೂಲೆ ತಾನೇ, ಮನೆಯಲ್ಲಿ ಟೀವಿ ನೋಡುವಾಗ ಇವರಿಗೆ ಅಲ್ಲೇ ಮಬ್ಬು ಕಾಣುತ್ತದೆ, ಬಹಳ ತೊಂದರೆ ಪಡುತ್ತಿದ್ದಾರೆ, ಊರಲ್ಲೆಲ್ಲ ಮಾತಾಗಿದೆ ಎಂದು ಒತ್ತಾಯಿಸಿದ. ಡಾಕ್ಟರು ಅಜ್ಜಿಯನ್ನು ಕೇಳಿದರು. ಅಜ್ಜಿ ಅಳಿಯನ ಮುಖ ನೋಡಿ, ಮಾಡುವುದಾದರೆ ಮಾಡಿಬಿಡಿ, ಮುಂದಿನ ಬೆಳೆಗಾದರೂ ಕೂಗಲಿ ಎಂದಳು. ಡಾಕ್ಟರಿಗೆ ಯಾವ ಬೆಳೆ, ಯಾರು ಕೂಗುವುದು ಅರ್ಥವಾಗಲಿಲ್ಲ. ಅಷ್ಟು ತೊಂದರೆಯಿದ್ದರೆ ಆಗಲಿ ಎಂದು ಆಪರೇಷನ್ನಿಗೆ ಚೀಟಿ ಬರೆದರು. ಅದೇ ಸಂಜೆ ಆಸ್ಪತ್ರೆಯ ಬಸ್ಸು ಶಿವಲಿಂಗಮ್ಮನನ್ನೂ ಜೊತೆಗೆ ಪುಟ್ಟಿಯನ್ನೂ ಹತ್ತಿಸಿಕೊಂಡು ಬೆಂಗಳೂರಿಗೆ ಹೋಯಿತು.

ಶುಕ್ರವಾರ ಬೆಳಗ್ಗೆ ಆಪರೇಷನ್ ಆಯಿತು, ಚೆನ್ನಾಗಿ ಆಯಿತು ಎಂದು ಪುಟ್ಟಿ ಫೋನ್ ಮಾಡಿದಳು. ಸಂಜೆ ಜಯಕುಮಾರ್ ಕಾಲು ಚಾಚಿ ಟೀವಿ ಮುಂದೆ ಕೂತ. ಯಾವುದೋ ಸೋಪಿನ ಜಾಹೀರಾತು ಬಂತು. ಪರದೆಯ ತುಂಬ ಒಗೆದ ಬಿಳಿ ಬೆಡ್‌ಶೀಟ್ ಗಾಳಿಗೆ ಹಾರಿತು. ಎಡಗಡೆ ಕೆಳ ಮೂಲೆಯಲ್ಲಿ, ಆ ಬೆಡ್‌ಶೀಟ್ ಒಗೆದವಳು ನೋಡದೆ ಬಿಟ್ಟ ಹಾಗೆ, ಅಂಗೈಯಗಲ ಮಬ್ಬಿತ್ತು.

ಜಯಕುಮಾರ್ ಎದ್ದು ಪಂಚೆಯ ತುದಿಯಿಂದ ಒರೆಸಿದ. ಮತ್ತೆ ಒರೆಸಿದ. ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಒರೆಸಿದ. ಕೊನೆಗೆ ಮೂಸಿಯೂ ನೋಡಿದ.

"ಅಪ್ಪ, ಅಜ್ಜಿ ತೋರಿಸಿದ್ದು ಅಲ್ಲೇ ಅಲ್ವಾ?" ಎಂದಳು ಹಿಂದೆ ನಿಂತಿದ್ದ ಧನುಶ್ರೀ.

ಅವಳು ಮೊಬೈಲು ತೆಗೆದು, ಹತ್ತು ದಿನಕ್ಕೆ ಇನ್ನೂ ಎರಡು ದಿನ ಉಳಿದಿದೆ, ಈಗಲೇ ಕಂಪ್ಲೇಂಟ್ ಹಾಕುತ್ತೇನೆ, ಬೇರೆ ಟೀವಿ ಕೊಡುತ್ತಾರೆ ಎಂದಳು. ಜಯಕುಮಾರ್ ಬೇಡ ಎಂದ. ಪೆಟ್ಟಿಗೆ ಇಲ್ಲವಲ್ಲ ಎಂದ. ಕೋಳಿಯನ್ನು ಬುಟ್ಟಿಗೆ ಹಾಕಿದರಾಯಿತು ಎಂದಳು ಮಗಳು. ನಿಮ್ಮಮ್ಮ ಊರಲ್ಲಿಲ್ಲದಾಗ ನಾವು ಕೋಳಿ ಮುಟ್ಟಬಾರದು ಎಂದ. ನಿಜವಾದ ಕಾರಣ ಕೋಳಿಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬೆಳಗ್ಗೆ ತಾನೇ ಅತ್ತೆಯ ಕಣ್ಣು ಕುಯ್ಯಿಸಿ, ಸಂಜೆ ಟೀವಿ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮನುಷ್ಯ ನಾಳೆ ಡೈರಿಯಲ್ಲಿ ಯಾವ ಮುಖ ಇಟ್ಟುಕೊಂಡು ಕೂರುವುದು? ತಾನಾಗಿಯೇ ಸರಿಹೋಗಬಹುದು, ಹೊಸ ಮಿಷನ್ನು, ಒಂದೆರಡು ದಿನ ಬಿಸಿಯಾಗಲಿ ಎಂದ. ಎರಡು ದಿನ ಟೀವಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಆರಿಸದೆ ಬಿಸಿ ಮಾಡಿದ. ಹತ್ತನೆಯ ದಿನ ಹೇಗೆ ಬಂತೋ ಹಾಗೇ ಹೋಯಿತು.

ಶಿವಲಿಂಗಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಬಂದಳು. ಅದುವರೆಗೆ ಅರ್ಧಂಬರ್ಧ ನಂಬಿದ್ದವರೂ ಆ ಕನ್ನಡಕ ನೋಡಿ ಪೂರ್ತಿ ನಂಬಿದರು. ನೋಡಲು ಬಂದವರು ಬಾಳೆಹಣ್ಣು, ಬ್ರೆಡ್ಡು ತಂದರು, ಯಾಕೋ ಗೊತ್ತಿಲ್ಲ, ಎಲ್ಲರೂ ಅವಳ ಹತ್ತಿರ ಗಟ್ಟಿಯಾಗಿ ಕೂಗಿ ಮಾತಾಡಿದರು. ನಾನು ಯಾರು ಹೇಳು ನೋಡೋಣ ಎಂದು ನಟರಾಜು ಅವಳ ಮುಂದೆ ಕೂತು ಮೂರು ಬೆರಳು ಹಿಡಿದ. ನೀನು ನಟರಾಜು, ಅಂಗಿಯ ಎರಡನೇ ಗುಂಡಿ ಬಿದ್ದುಹೋಗಿದೆ ಎಂದಳು ಶಿವಲಿಂಗಮ್ಮ. ಪಾಪ, ಧ್ವನಿಯಲ್ಲೇ ಗುರುತು ಹಿಡಿಯುತ್ತಾಳೆ ಎಂದು ನಟರಾಜು ಹೊರಗೆ ಬಂದು ಹೇಳಿದ. ಗುಂಡಿಯ ವಿಷಯ ಯಾರೂ ವಿಚಾರ ಮಾಡಲಿಲ್ಲ.

ಟೀವಿ ನೋಡಬಾರದು, ಬಗ್ಗಬಾರದು, ಹೊಗೆಯಲ್ಲಿ ಕೂರಬಾರದು ಎಂದು ಆಸ್ಪತ್ರೆಯವರು ಹೇಳಿದ್ದರು. ಅಷ್ಟು ದಿನ ಜಯಕುಮಾರ್ ನೆಮ್ಮದಿಯಾಗಿದ್ದ ಎಂದು ಹೇಳಲಾಗದು. ಮಬ್ಬು ದಿನಕ್ಕೊಂದು ಬೆರಳಿನಷ್ಟು ಬಲಗಡೆಗೆ ಬರುತ್ತಿತ್ತು. ಅವನು ಟೀವಿಯ ಆ ಮೂಲೆಗೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ಹೂದಾನಿ ಇಟ್ಟ. ಆಮೇಲೆ ಇನ್ನೊಂದು.

ಹತ್ತು ದಿನ ಕಳೆದು, ಕನ್ನಡಕ ತೆಗೆಯಬಹುದು ಎಂದ ದಿನ ಸಂಜೆ, ಶಿವಲಿಂಗಮ್ಮ ಮುಖ ತೊಳೆದು ಬಂದು ತನ್ನ ಜಾಗದಲ್ಲಿ ಕೂತಳು. ಆ ಹೂದಾನಿಗಳನ್ನು ತೆಗಿ ಎಂದು ಮೊಮ್ಮಗಳಿಗೆ ಹೇಳಿದಳು. ಧನುಶ್ರೀ ಅಪ್ಪನ ಮುಖ ನೋಡದೆ ತೆಗೆದಳು. ಶಿವಲಿಂಗಮ್ಮ ಸ್ವಲ್ಪ ಹೊತ್ತು ನೋಡಿದಳು. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದನ್ನು ಮುಚ್ಚಿ ನೋಡಿದಳು.

"ಈಗ ದೊಡ್ಡದಾಗೈತೆ," ಎಂದಳು.

ಪುಟ್ಟಿ ಅಕ್ಕಿಯ ಮೊರ ಕೆಳಗಿಟ್ಟು ಮೊದಲ ಸಲ ಟೀವಿಯ ಮೂಲೆಯನ್ನು ಸರಿಯಾಗಿ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಅವಳು ಆ ರಾತ್ರಿ ಏನೂ ಮಾತಾಡಲಿಲ್ಲ, ಮರುದಿನವೂ ಮಾತಾಡಲಿಲ್ಲ. ಮೂರನೆಯ ದಿನ, ಕಂಪ್ಲೇಂಟ್ ಹಾಕು ಎಂದು ಗಂಡನಿಗಲ್ಲ, ಮಗಳಿಗೆ ಹೇಳಿದಳು.

ನಾಲ್ಕು ದಿನಕ್ಕೆ ರಾಮನಗರದಿಂದ ಸಮೀವುಲ್ಲಾ ಎಂಬ ಮೆಕ್ಯಾನಿಕ್ಕು ಬಂದ. ತೆಳ್ಳಗಿನ, ನಿಧಾನದ ಮನುಷ್ಯ. ಕಂಪನಿಯವರು ಕೇಳುತ್ತಾರೆ, ಪೆಟ್ಟಿಗೆ ಇದೆಯೇ ಎಂದು ಮೊದಲು ವಿಚಾರಿಸಿದ. ಜಯಕುಮಾರ್ ಜಗಲಿ ತೋರಿಸಿದ. ಅಷ್ಟರಲ್ಲಿ ಮೊಟ್ಟೆಯೊಡೆದು ಒಂಬತ್ತು ಮರಿಗಳಾಗಿದ್ದವು; ಥರ್ಮೋಕೋಲನ್ನು ಕುಕ್ಕಿ ಕುಕ್ಕಿ ಹಿಮ ಬಿದ್ದ ಹಾಗೆ ಮಾಡಿದ್ದವು. ಸಮೀವುಲ್ಲಾ ಒಂದು ನಿಮಿಷ ಮರಿಗಳನ್ನು ನೋಡಿ, ತನ್ನ ಕಾಗದದಲ್ಲಿ ಪೆಟ್ಟಿಗೆ ಇಲ್ಲ ಎಂದು ಬರೆದುಕೊಂಡ. ಆಮೇಲೆ ಒಂದು ಪೆನ್‌ಡ್ರೈವ್ ಸಿಕ್ಕಿಸಿದ. ಪರದೆ ಪೂರ್ತಿ ಬೆಳ್ಳಗಾಯಿತು. ಆ ಬಿಳುಪಿನಲ್ಲಿ ಎಡಗಡೆಯ ಕಾಲು ಭಾಗ ಒಲೆಯ ಹಿಂದಿನ ಗೋಡೆಯಂತೆ ಕಂಡಿತು.

ಹಿಂದಿನ ಲೈಟ್ ಪಟ್ಟಿಯಲ್ಲಿ ಒಂದು ಬಲ್ಬು ಮೊದಲೇ ಸತ್ತಿತ್ತು, ಅದರಿಂದ ಪಕ್ಕದವೂ ಒಂದೊಂದಾಗಿ ಸಾಯುತ್ತಿವೆ, ಶುರುವಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ನಮಗೇ ಮಿಷನ್ ಇಟ್ಟರೆ ಗೊತ್ತಾಗುವುದು ಎಂದು ಅವನು ವಿವರಿಸಿದ. ನೀವು ಮೊದಲು ಯಾವತ್ತು ನೋಡಿದಿರಿ ಎಂದು ಕೇಳಿದ. ಮೊನ್ನೆ ಮೊನ್ನೆ ಎಂದ ಜಯಕುಮಾರ್.

"ಬಂದು ಮೂರನೇ ದಿನ," ಎಂದಳು ಶಿವಲಿಂಗಮ್ಮ ಒಳಗಿನಿಂದ.

ಸಮೀವುಲ್ಲಾ ಪೆನ್ನು ಹಿಡಿದು ನಿಂತ. ಅಜ್ಜಿ, ಮೂರನೇ ದಿನ ಇದು ಉಗುರಿನಷ್ಟೂ ಇದ್ದಿರಲಾರದು ಎಂದ. ಅಜ್ಜಿ ಹೊರಗೆ ಬಂದು, ಪರದೆಯ ಮೇಲೆ ಬೆರಳಿಟ್ಟು, ಇಷ್ಟಿತ್ತು, ಇಲ್ಲಿತ್ತು ಎಂದಳು. ಅವನು ಹಿಂಬದಿ ಬಿಚ್ಚಿ ನೋಡಿದ. ಮೊದಲು ಸತ್ತ ಬಲ್ಬು ಸರಿಯಾಗಿ ಆ ಬೆರಳಿನ ಹಿಂದಿತ್ತು. ಹನ್ನೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಇಂಥ ಕಣ್ಣು ನೋಡಿಲ್ಲ ಎಂದು ಅವನು ಜಯಕುಮಾರನಿಗೆ ಹೇಳಿದ. ಆಮೇಲೆ ಪ್ರಾಮಾಣಿಕನಾದ್ದರಿಂದ, ಗ್ರಾಹಕರು ಮೂರನೇ ದಿನವೇ ಗಮನಿಸಿದ್ದಾರೆ ಎಂದು ಬರೆದುಕೊಂಡು ಹೋದ.

ವಾರಕ್ಕೆ ಕಂಪನಿಯಿಂದ ಮೆಸೇಜು ಬಂತು. ಧನುಶ್ರೀ ಕನ್ನಡ ಮಾಡಿ ಓದಿದಳು. ವಾಪಸಾತಿಯ ಅವಧಿ ಮುಗಿದಿದೆ. ದೋಷವಿದೆ ಎಂದು ಮೂರನೇ ದಿನವೇ ತಿಳಿದಿದ್ದರೂ ತಿಳಿಸದೆ ಬಳಸಿದ್ದರಿಂದ ಗ್ಯಾರಂಟಿಯೂ ಅನ್ವಯಿಸುವುದಿಲ್ಲ. ನಮ್ಮನ್ನು ಆಯ್ದುಕೊಂಡಿದ್ದಕ್ಕೆ ಧನ್ಯವಾದ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?

ಜಯಕುಮಾರ್ ಆ ಟೀವಿಯ ಮಟ್ಟಿಗೆ ಕೈ ತೊಳೆದುಕೊಂಡ. ಆದರೆ ಬೋರಲಿಂಗಯ್ಯನ ಮನೆಯಲ್ಲಿ ಮುಂದಿನ ಬೆಳೆಯ ಹುಳ ಆಗಲೇ ಪೊರೆ ಕಳಚುವ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಇನ್ನು ಹದಿನೈದು ದಿನಕ್ಕೆ ಗೂಡು. ಅತ್ತೆ ಅದನ್ನು ದಿನ ಎಣಿಸುತ್ತಿದ್ದಳು, ಬಾಯಲ್ಲಿ ಹೇಳುತ್ತಿರಲಿಲ್ಲ. ಒಂದು ಬೆಳಗ್ಗೆ, ಪುಟ್ಟಿ ಕಾಫಿ ಲೋಟವನ್ನು ಎದುರಿಗೆ ಕುಕ್ಕಿ ಹೋದ ಮೇಲೆ, ಜಯಕುಮಾರ್ ಒಂದು ನಿರ್ಧಾರ ಮಾಡಿದ. ಡೈರಿಯಲ್ಲಿ ಕೆಟ್ಟಿದ್ದು ಡೈರಿಯಲ್ಲೇ ಸರಿಯಾಗಬೇಕು.

ಸಾಲು ಪೂರ್ತಿಯಾಗುವವರೆಗೆ ಕಾದು, ಅವನು ಕುರ್ಚಿಯಿಂದ ಎದ್ದು ನಿಂತ. ಟೆಸ್ಟರ್ ಎದ್ದು ನಿಂತದ್ದನ್ನು ಆ ಊರು ನೋಡಿದ್ದು ಸ್ವಾತಂತ್ರ್ಯ ದಿನಾಚರಣೆಯಲ್ಲಿ ಮಾತ್ರ. ಕೆಲವರು ಕ್ಯಾನು ಇಳಿಸಿ ನೆಟ್ಟಗೆ ನಿಂತರು. ನಮ್ಮತ್ತೆಯ ಕಣ್ಣಿಗೆ ಏನೂ ಆಗಿರಲಿಲ್ಲ, ಅವರು ಹೇಳಿದ್ದೇ ಸರಿ, ಕೆಟ್ಟಿದ್ದು ಟೀವಿ, ನಾನೇ ಮರ್ಯಾದೆ ಹೋಗುತ್ತದೆ ಎಂದು ಸುಳ್ಳು ಹೇಳಿದೆ, ಉಪ್ಪು ಹಾಕಿದ್ದೂ ನಾನೇ ಎಂದ.

ಯಾರೂ ನಗಲಿಲ್ಲ. ಅದೇ ಕೆಟ್ಟ ಸೂಚನೆ. ಎಲ್ಲರ ಮುಖವೂ ಮೆತ್ತಗಾಗಿತ್ತು. ಬೋರಲಿಂಗಯ್ಯ ಸಾಲಿನಿಂದ ಮುಂದೆ ಬಂದು ಅವನ ಭುಜದ ಮೇಲೆ ಕೈಯಿಟ್ಟ.

"ಅತ್ತೆ ಮಾನ ಉಳಿಸಕ್ಕೆ ತನ್ ಮಾನ ಕಳ್ಕಳೋ ಅಳಿಯನ್ನ ನಾನು ನೋಡಿರ್ನಿಲ್ಲ ಕಣ್ಲಾ," ಎಂದ.

ಜಯಕುಮಾರ್ ಗಾಬರಿಯಾದ. ಇಲ್ಲ, ನಿಜವಾಗಿಯೂ ಎಂದ. ಗೊತ್ತು ಗೊತ್ತು ಎಂದರು. ಬಂದು ಟೀವಿಯನ್ನೇ ನೋಡಿ ಎಂದು ಕೈ ಹಿಡಿದು ಎಳೆದ. ಏಳೆಂಟು ಜನ ಬಂದು ನೋಡಿದರು. ಪರದೆಯ ಅರ್ಧ ಭಾಗ ಕಪ್ಪಾಗಿತ್ತು. ಸುದ್ದಿ ಓದುವವಳು ಕಪ್ಪಿನೊಳಗಿಂದ ಇಣುಕುತ್ತಿದ್ದಳು. ಟೀವಿ ಕೆಟ್ಟಿದೆ ಎಂಬುದನ್ನು ಎಲ್ಲರೂ ಒಪ್ಪಿದರು. ಜಯಕುಮಾರ್ ಗೆದ್ದೆ ಎಂದುಕೊಂಡು ಉಸಿರು ಬಿಟ್ಟ. ಆಗ ನಟರಾಜು, ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಮೇಲೆ ಕರುಣೆಯಿಂದ, ಒಂದು ಮಾತು ಕೇಳಿದ.

"ಟೀವಿ ಟೀವಿ, ಕಣ್ಣು ಕಣ್ಣು. ಕಣ್ಣು ನೆಟ್ಟಗಿದ್ರೆ ಡಾಕ್ಟ್ರು ಸುಮ್ಸುಮ್ನೆ ಕುಯ್ತಾರಾ ಜಯಣ್ಣ?"

ಜಯಕುಮಾರ್, ಎರಡು ವರ್ಷ ಬಿಟ್ಟು ನೋಡೋಣ ಎಂದಿದ್ದ ಡಾಕ್ಟರನ್ನು ತಾನೇ ಒತ್ತಾಯಿಸಿದ್ದನ್ನು ಹೇಳಿದ. ಅದನ್ನಂತೂ ಯಾರೂ ಕಿವಿಗೇ ಹಾಕಿಕೊಳ್ಳಲಿಲ್ಲ. ಸಾಕು ಬಿಡಪ್ಪ, ಎಷ್ಟು ಅಂತ ಮೈಮೇಲೆ ಹಾಕಿಕೊಳ್ಳುತ್ತೀಯ ಎಂದು ಒಬ್ಬ ಮುದುಕ ಕಣ್ಣೊರೆಸಿಕೊಂಡ. ಆ ವಾರ ಮೂರು ಮನೆಗಳಲ್ಲಿ ಹೆಂಗಸರು ತಮ್ಮ ಅಳಿಯಂದಿರಿಗೆ ಜಯಕುಮಾರನ ಉದಾಹರಣೆ ಕೊಟ್ಟು ಬುದ್ಧಿ ಹೇಳಿದರು. ಡೈರಿಯಲ್ಲಿ ಫ್ಯಾಟ್ ಕಮ್ಮಿ ಬಂದರೂ ಯಾರೂ ಜಗಳವಾಡಲಿಲ್ಲ.

ಬೆಳೆ ಎದ್ದ ದಿನ ಬೋರಲಿಂಗಯ್ಯ ಆಳು ಕಳಿಸಲಿಲ್ಲ, ತಾನೇ ಬಂದ. ನಿಮ್ಮತ್ತೆಯನ್ನು ನೀನೇ ಕೈಹಿಡಿದು ಕರೆದುಕೊಂಡು ಬಾ, ನಮ್ಮ ಮನೆಯ ಹೊಸಿಲು ಎತ್ತರ ಎಂದು ಜಯಕುಮಾರನಿಗೆ ಹೇಳಿ ಹೋದ. ಶಿವಲಿಂಗಮ್ಮ ತಲೆ ಬಾಚಿಕೊಂಡು, ಎಲೆಯಡಿಕೆ ಚೀಲ ಸಿಕ್ಕಿಸಿಕೊಂಡು ಹೊರಟಳು. ಅಳಿಯ ಹಿಂದೆ ಹಿಂದೆ ಹೋದ. ಕೈ ಹಿಡಿಯಲು ಅವನಿಗೆ ಧೈರ್ಯವಾಗಲಿಲ್ಲ. ಹಿಡಿಯದೆ ಇದ್ದುದಕ್ಕೆ ದಾರಿಯಲ್ಲಿ ಇಬ್ಬರು ಗದರಿಸಿದರು.

ಹುಳದ ಮನೆಯ ತುಂಬ ಹೆಂಗಸರು ಗೂಡು ಬಿಡಿಸುತ್ತಿದ್ದರು. ಕಿಟಕಿಯ ಪಕ್ಕ, ಬೆಳಕಿಗೆ, ಚಾಪೆ ಹಾಸಿ ಮಣೆ ಇಟ್ಟಿದ್ದರು. ಬೋರಲಿಂಗಯ್ಯ ಒಳಗಿನಿಂದ ಒಂದು ಬುಟ್ಟಿ ಗೂಡು ತಂದು ಅವಳ ಮುಂದೆ ಸುರಿದ. ಶಿವಲಿಂಗಮ್ಮ ರಾಶಿಯಲ್ಲಿ ಕೈಯಾಡಿಸಿದಳು. ಒಂದು ಸಲ ಮೇಲೆ, ಒಂದು ಸಲ ಅಡಿಯಲ್ಲಿ. ಅವಳ ಕೈ ನಿಂತಿತು. ಆ ಕಡೆ ಮೂಲೆಯಲ್ಲಿ ಇನ್ನೊಂದು ದೊಡ್ಡ ರಾಶಿಯನ್ನು ನಾಲ್ಕು ಹೆಂಗಸರು ಆರಿಸುತ್ತಿದ್ದರು. ಅವರಲ್ಲಿ ಯಾರೂ ಈ ಕಡೆ ನೋಡುತ್ತಿರಲಿಲ್ಲ. ನೋಡದೆ ಇರುವುದಕ್ಕೆ ಬಹಳ ಪ್ರಯತ್ನ ಮಾಡುತ್ತಿದ್ದರು.

"ಆಗ್ಲೇ ಆರ್ಸಿರೋ ಗೂಡು ಇದು," ಎಂದಳು ಶಿವಲಿಂಗಮ್ಮ, ಅಳಿಯನಿಗೆ ಮಾತ್ರ ಕೇಳುವ ಹಾಗೆ.

ಜಯಕುಮಾರ್ ಮನೆಗೆ ಹೋಗೋಣ ಅತ್ತೆ ಎಂದ. ಅವಳು ಅವನ ಕಡೆ ತಿರುಗಲಿಲ್ಲ.

"ಕೂಗ್ದೇ ಇದ್ದಾಗ ಮನೇಲಿ ಕುಂತಿದ್ದೆ. ಈಗ ಕೂಗವ್ರೆ. ಕುಂತ್ಕತೀನಿ," ಎಂದು ಮಣೆ ಎಳೆದುಕೊಂಡಳು.

ಒಂದೊಂದೇ ಗೂಡು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು, ಈ ಕಡೆಯಿಂದ ಆ ಕಡೆಗೆ ಇಡುತ್ತ ಹೋದಳು. ಆತುರ ಮಾಡಲಿಲ್ಲ. ಮಧ್ಯೆ ಕಾಫಿ ಬಂತು, ಕುಡಿದಳು. ಪಕ್ಕದ ಹೆಂಗಸರು ಮೊಮ್ಮಗಳ ಓದಿನ ಬಗ್ಗೆ ಕೇಳಿದರು, ಹೇಳಿದಳು. ಜಯಕುಮಾರನಿಗೂ ಒಂದು ಮಣೆ ಹಾಕಿದ್ದರು. ಅವನು ಎದ್ದು ಹೋಗಲೂ ಆಗದೆ ಕೂತಿದ್ದ. ಹೊತ್ತು ಇಳಿಯುವಷ್ಟರಲ್ಲಿ ಆ ರಾಶಿ ಪೂರ್ತಿ ಜಾಗ ಬದಲಾಯಿಸಿತ್ತು. ಪಕ್ಕಕ್ಕೆ ಒಂದೇ ಒಂದು ಗೂಡೂ ಬಿದ್ದಿರಲಿಲ್ಲ.

ಬೋರಲಿಂಗಯ್ಯ ಬಂದು ಬಗ್ಗಿ ನೋಡಿದ. ಒಂದು ಹಿಡಿ ಗೂಡು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದ. ಅವನ ಕಣ್ಣು ನಿಜವಾಗಿಯೂ ತುಂಬಿಬಂದಿತ್ತು.

"ಒಂದೂ ಕೆಟ್ಟಿದ್ದು ಬಿಟ್ಟಿಲ್ಲ ನೋಡ್ರವ್ವ. ಜಯಣ್ಣ, ನಿಮ್ಮತ್ತೆಗೆ ಎಂಥ ಕಣ್ಣು ಕೊಡಿಸ್ದೆ ಕಣಪ್ಪ ನೀನು," ಎಂದ.

ಹೆಂಗಸರೆಲ್ಲ ಜಯಕುಮಾರನ ಕಡೆ ತಿರುಗಿದರು. ಶಿವಲಿಂಗಮ್ಮ ಸೆರಗು ಕೊಡವಿಕೊಂಡು ಎದ್ದಳು. ಜಯಕುಮಾರ್ ಹೂಂ ಎಂದ.